ನಿಮ್ಮ ಗೋಡೆಯ ಮೇಲಿನ ಆ ಕೈಕುಲುಕಿನ ಬಗ್ಗೆ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನನ್ನ ಮಗಳಿಗೆ "ಬೇಡ" ಎನ್ನುವುದನ್ನು ಕಲಿಸಿದ್ದು ನಿಮ್ಮ ಆಸ್ಪತ್ರೆ. ಆ ಮಾತನ್ನು ಅವಳು ನಿಮ್ಮ ಆಸ್ಪತ್ರೆಯೊಳಗೇ ಒಂದು ಸಲ ಹೇಳಿದ್ದಕ್ಕೆ ಮಂಪರಿನ ಇಂಜೆಕ್ಷನ್ ಚುಚ್ಚಿ ಮಲಗಿಸಿದ್ದೂ ನಿಮ್ಮ ಆಸ್ಪತ್ರೆಯೇ. ಅಷ್ಟಕ್ಕೇ ಬಿಡಲಿಲ್ಲ. ಅವಳ ಕಡತದಲ್ಲಿ "ಸಹಕರಿಸುವುದಿಲ್ಲ, ಲೈಂಗಿಕ ವಿಷಯಗಳಲ್ಲಿ ಅತಿಯಾದ ಆಸಕ್ತಿ" ಎಂದು ಬರೆದಿರಿ. ಕಲಿಸಿದ ಸಿಸ್ಟರನ್ನು ಔಷಧಿ ಉಗ್ರಾಣಕ್ಕೆ ಎತ್ತಿ ಹಾಕಿದಿರಿ. ತರಗತಿಗೆ ಬೀಗ ಜಡಿದಿರಿ. ಇದೆಲ್ಲ ಆಗಿ ಮೂರು ತಿಂಗಳಾಯಿತು. ಈ ಮೂರು ತಿಂಗಳಲ್ಲಿ ನನ್ನ ಮಗಳು ಯಾರಿಗೂ, ಯಾವುದಕ್ಕೂ "ಬೇಡ" ಎಂದಿಲ್ಲ. ತಮ್ಮ ಚಿಕಿತ್ಸೆ ಚೆನ್ನಾಗಿ ಫಲಿಸಿದೆ ಸ್ವಾಮಿ, ಅಭಿನಂದನೆಗಳು.

ಇದನ್ನೇ ಲಕೋಟೆಯಲ್ಲಿಟ್ಟು ಎರಡು ಸಲ ನಿಮಗೆ ಕಳಿಸಿದ್ದೆ. ಮೊದಲನೆಯದರ ಪ್ರತಿಯ ಮೇಲೆ "ಸ್ವೀಕರಿಸಲಾಗಿದೆ" ಎಂದು ಒಂದು ಮುದ್ರೆ ಬಿತ್ತು. ಎರಡನೆಯದಕ್ಕೆ ಅದೂ ಇಲ್ಲ. ಗುಮಾಸ್ತರನ್ನು ಕೇಳಿದರೆ "ಸಾಹೇಬ್ರ ಟೇಬಲ್ ಮೇಲಿದೆ ಅಮ್ಮಾ" ಎಂದರು. ನಿಮ್ಮ ಟೇಬಲ್ಲನ್ನು ನಾನು ಕಂಡಿದ್ದೇನೆ. ಅಲ್ಲಿಗೆ ಹೋದದ್ದು ವಾಪಸು ಬರುವ ಲಕ್ಷಣ ಕಾಣಲಿಲ್ಲ. ಅದಕ್ಕೇ ಈಗ ಪತ್ರವನ್ನು ಅಚ್ಚು ಹಾಕಿಸಿ, ಎಲ್ಲರ ಕಿವಿಗೂ ಬೀಳುವ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದೇನೆ.

ನಾನು ಯಾರೆಂದು ನಿಮಗೆ ನೆನಪಿರಲಿಕ್ಕಿಲ್ಲ. ನಿಮ್ಮ ಆಸ್ಪತ್ರೆಯ ಹಿಂದಿನ ಗೇಟಿನ ಎದುರು, ಝೆರಾಕ್ಸ್ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಎರಡು ಮಷೀನು ಹಿಡಿಸುವಷ್ಟು ಜಾಗದಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಮಗಳಿಗೆ ಈಗ ಇಪ್ಪತ್ತೊಂದು. ಹುಟ್ಟುವಾಗ ಉಸಿರು ಸಿಕ್ಕಿಕೊಂಡು ಎಡಗೈ ಎಡಗಾಲು ಸೆಟೆದುಕೊಂಡವು; ವಾಕರ್ ಹಿಡಿದು ನಡೆಯುತ್ತಾಳೆ. ಮಾತು ನಿಧಾನ. ಹೇಳಿದ್ದು ತಲೆಗೆ ಹೋಗುವುದೂ ನಿಧಾನ, ಆದರೆ ಒಮ್ಮೆ ಹೋದದ್ದು ಜಪ್ಪಯ್ಯ ಎಂದರೂ ಹೊರಗೆ ಬರುವುದಿಲ್ಲ. ಅಂಗಡಿಯಲ್ಲಿ ಬಟನ್ ಡಬ್ಬಿಗಳೆಲ್ಲ ಅವಳ ಸುಪರ್ದಿಗೆ. ಕಂದು ಬಟನ್ನನ್ನು ಕೆಂಪು ಡಬ್ಬಿಗೆ ಹಾಕಿದರೆ ಹೆತ್ತ ತಾಯಿ ಎಂಬ ಮುಲಾಜೂ ಇಲ್ಲದೆ ಬೈಯುತ್ತಾಳೆ. ಗಿರಾಕಿಗಳು ಅವಳನ್ನು "ಬಟನ್ ಮೇಡಂ" ಎಂದೇ ಕರೆಯುವುದು.

ಎರಡು ವರ್ಷದ ಹಿಂದೆ ನಿಮ್ಮ ಪುನರ್ವಸತಿ ವಿಭಾಗದ ಸಿಸ್ಟರ್ ನನ್ನ ಅಂಗಡಿಗೆ ಬಂದರು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ದನಿ. ಬಟ್ಟೆಯ ಗೊಂಬೆ ಎರಡು ಬೇಕು ಎಂದರು.

"ಒಂದು ಗಂಡು, ಒಂದು ಹೆಣ್ಣು. ಎಲ್ಲಾ ಇರ್ಬೇಕು."

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ ಕಣ್ರೀ. ದೇವ್ರು ಕೊಟ್ಟಿದ್ರಲ್ಲಿ ಒಂದೂ ಬಿಡ್ಬೇಡಿ."

ಷಟರ್ ಅರ್ಧ ಇಳಿಸಿಕೊಂಡು ಹೊಲಿದೆ. ಗಂಡು ಗೊಂಬೆಯ ಹೊತ್ತಿಗೆ ಪಕ್ಕದ ಕನ್ನಡಕದಂಗಡಿಯವರು ಸೂಜಿ ಕೇಳಲು ಬಂದುಬಿಟ್ಟರು. ಮುಖ ಎಲ್ಲಿಟ್ಟುಕೊಳ್ಳಲಿ ಎಂದು ಗೊಂಬೆಯನ್ನು ಅಸ್ತರಿನ ಬಟ್ಟೆಯೊಳಗೆ ತುರುಕಿದೆ. ಗೊಂಬೆ ಒಯ್ಯಲು ಬಂದ ಸಿಸ್ಟರ್ ಮಗಳನ್ನು ನೋಡಿ, "ಇವಳನ್ನೂ ಗುರುವಾರ ಕಳ್ಸಿ" ಎಂದರು. ದೇಹದ ಬಗ್ಗೆ, ದೊಡ್ಡವರಾಗುವುದರ ಬಗ್ಗೆ, ಯಾರು ಮುಟ್ಟಬಹುದು ಯಾರು ಮುಟ್ಟಬಾರದು ಎನ್ನುವುದರ ಬಗ್ಗೆ, ಪ್ರೀತಿಯ ಬಗ್ಗೆ ಅಂಗವಿಕಲ ಹುಡುಗ ಹುಡುಗಿಯರಿಗೆ ತರಗತಿ. ನನಗೆ ಮೈಯೆಲ್ಲ ಉರಿಯಿತು.

"ಅಯ್ಯೋ, ಇವಳಿಗ್ಯಾಕೆ ಸಿಸ್ಟರ್ ಅದೆಲ್ಲ? ಇನ್ನೂ ಮಗು ಅದು."

"ಹತ್ತೊಂಬತ್ತು ವರ್ಷದ ಮಗುನಾ? ಅವಳ ಬಟ್ಟೆಗೆ ಅಳತೆ ತೆಗೆಯೋದು ನೀವೇ ಅಲ್ವಾ? ನಿಮ್ಮ ಟೇಪಿಗೆ ಗೊತ್ತಾಗಿದೆ, ನಿಮಗೆ ಗೊತ್ತಾಗ್ಲಿಲ್ವಾ?" ಎಂದರು. ಆಮೇಲೆ ಇನ್ನೊಂದು ಕೇಳಿದರು. "ಆಗ ಒಬ್ರಿಗೆ ರವಿಕೆ ಅಳತೆ ತೆಗೆದ್ರಲ್ಲ, 'ಟೇಪ್ ಹಿಡೀಲಾ ಅಕ್ಕಾ' ಅಂತ ಕೇಳಿದ್ರಿ. ಮಗಳನ್ನ ಯಾವತ್ತಾದ್ರೂ ಕೇಳಿದ್ದೀರಾ?"

ಕೇಳದೆ ಟೇಪು ಹಿಡಿಯಬಾರದು ಎನ್ನುವುದು ನನಗೆ ಕೆಲಸ ಕಲಿಸಿದ ದೊಡ್ಡಮ್ಮ ಮೊದಲನೆಯ ದಿನವೇ ಹೇಳಿದ್ದು. ಇಪ್ಪತ್ತಾರು ವರ್ಷ ಒಬ್ಬ ಗಿರಾಕಿಯ ವಿಷಯದಲ್ಲೂ ಅದನ್ನು ತಪ್ಪಿದವಳಲ್ಲ. ಮನೆಗೆ ಹೋದರೆ ಮಗಳ ಕೈ ಎತ್ತಿ, ಬಟ್ಟೆ ಎಳೆದು, ತಿರುಗಿಸಿ, ನೀರು ಸುರಿದು, ಒರೆಸಿ ಕೂರಿಸುತ್ತಿದ್ದೆ; ಒಂದು ಮಾತು ಕೇಳುತ್ತಿರಲಿಲ್ಲ. ಅವಳೂ ಕೈ ಎತ್ತಿ ನಿಲ್ಲುತ್ತಿದ್ದಳು. ಯಾರು ಹತ್ತಿರ ಬಂದರೂ ಹಾಗೇ ಕೈ ಎತ್ತುತ್ತಿದ್ದಳು, ಅದನ್ನು ನಾವೆಲ್ಲ "ಒಳ್ಳೆ ಹುಡುಗಿ" ಎಂದು ಮೆಚ್ಚುತ್ತಿದ್ದೆವು.

ಹಾಗೆ ಗುರುವಾರದ ತರಗತಿ ಶುರುವಾಯಿತು. ಫಿಸಿಯೋಥೆರಪಿಯ ಹಿಂದೆ, ಮುರಿದ ಗಾಲಿಕುರ್ಚಿಗಳನ್ನು ಒಟ್ಟುವ ಕೋಣೆ. ಎಂಟು ಜನ. ಗೋಡೆಗೆ ಬಣ್ಣ ಬಳಿಯುವ ಕೆಲಸದಲ್ಲಿದ್ದ ಒಬ್ಬ ಇಪ್ಪತ್ತಾರರ ಯುವಕ ಬರುತ್ತಿದ್ದ. ಮೂರನೇ ಮಹಡಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಮೊದಲನೆಯ ದಿನ ಅವನು ತಲೆ ತಗ್ಗಿಸಿಕೊಂಡು, "ಸಿಸ್ಟರ್, ನಾನು ಮದುವೆ ಆಗಬಹುದಾ? ಆದ್ರೆ... ಏನಾದ್ರೂ ಆಗುತ್ತಾ?" ಎಂದು ಕೇಳಿದ. ಎರಡು ವರ್ಷದಿಂದ ನಿಮ್ಮ ಹೊರರೋಗಿ ವಿಭಾಗಕ್ಕೆ ಎಡತಾಕಿದವನು. ಮೂತ್ರದ ಚೀಲದ ಬಗ್ಗೆ ಹೇಳಿದ್ದೀರಿ, ಬೆನ್ನಿನ ಹುಣ್ಣಿನ ಬಗ್ಗೆ ಹೇಳಿದ್ದೀರಿ, ಇದನ್ನು ಮಾತ್ರ ಒಬ್ಬರೂ ಹೇಳಿಲ್ಲ. ಒಂದು ಸಲ ಧೈರ್ಯ ಮಾಡಿ ಕೇಳಿದ್ದಕ್ಕೆ, "ಮೊದಲು ಎದ್ದು ಕೂರೋದು ಕಲಿಯಪ್ಪ" ಎಂದು ನಕ್ಕರಂತೆ. ಸಿಸ್ಟರ್ ಅವನಿಗೆ ಕುಳಿತು ಬಿಡಿಸಿ ಹೇಳಿದರು. ಅವನ ಮುಖ ನೋಡಬೇಕಿತ್ತು ನೀವು. ಆವತ್ತು ಮನೆಗೆ ಹೋಗಿ ಎರಡು ವರ್ಷದಲ್ಲಿ ಮೊದಲ ಬಾರಿಗೆ ಗಡ್ಡ ಹೆರೆದುಕೊಂಡನಂತೆ.

ನನ್ನ ಮಗಳು ಮೂರನೆಯ ಗುರುವಾರ ಬಾಯಿ ಬಿಟ್ಟಳು. "ಯಾರಾದ್ರೂ ಇಷ್ಟ ಆದ್ರೆ ಏನ್ ಮಾಡೋದು?" ಎಂದು ಕೇಳಿದಳು. ಬಾಗಿಲ ಬಳಿ ಕುಳಿತಿದ್ದ ನಾನು ಎದ್ದು ನಿಂತೆ. ಸಿಸ್ಟರ್ ಕಣ್ಣು ಮಿಟುಕಿಸದೆ, "ಮೊದಲು ಅವರನ್ನ ಕೇಳೋದು. ಅವರು ಬೇಡ ಅಂದ್ರೆ ಬೇಡ. ನಿನಗೆ ಬೇಡ ಅಂದ್ರೂ ಬೇಡ" ಎಂದರು. ಆವತ್ತಿಂದ ಅದೇ ಅವಳ ಕಾನೂನು. ಮೊದಲು ಹೇಳಬೇಕು, ಆಮೇಲೆ ಕೇಳಬೇಕು, ಆಮೇಲೆ ಮುಟ್ಟಬೇಕು. ಬೇಡವಾದರೆ ಬಲಗೈ ಎತ್ತಿ, ಅಂಗೈ ಮುಂದೆ ಮಾಡಿ, "ನಿಲ್ಸಿ" ಎನ್ನಬೇಕು. ನಮ್ಮ ಮನೆಯ ಬಚ್ಚಲಿಗೆ ಬಾಗಿಲಿದೆ ಎಂಬುದೇ ನನಗೆ ಮರೆತುಹೋಗಿತ್ತು, ಅವಳು ಒಳಗಿಂದ "ಅಮ್ಮಾ, ತಟ್ಟು!" ಎಂದು ಕೂಗಲು ಶುರುಮಾಡಿದಳು. ಆಟೋದವನು ಸೊಂಟ ಹಿಡಿದು ಎತ್ತಲು ಬಂದರೆ "ತೋಳು ಹಿಡೀರಿ, ಸೊಂಟ ಬೇಡ" ಎನ್ನುತ್ತಿದ್ದಳು. ನನಗೆ ಮೊದಮೊದಲು ಕಿರಿಕಿರಿ. ಸುಳ್ಳು ಯಾಕೆ ಹೇಳಲಿ, ಎರಡು ಸಲ ಬೈದಿದ್ದೇನೆ. ಆಮೇಲಾಮೇಲೆ ಅವಳು "ಬೇಡ" ಎಂದಾಗಲೆಲ್ಲ ಒಳಗೊಳಗೇ ಹೆಮ್ಮೆಯಾಗತೊಡಗಿತು.

ಆಮೇಲೆ ತಾವು ಬಂದಿರಿ. ಆಸ್ಪತ್ರೆಯ ವಾರ್ಷಿಕ ಸಮಾರಂಭ. ತಾವು ವೇದಿಕೆಯಿಂದ ಇಳಿದು ತರಗತಿಯ ಮಕ್ಕಳ ಬಳಿ ಬಂದು ನನ್ನ ಮಗಳ ಕೈಯತ್ತ ಕೈ ಚಾಚಿದಿರಿ. ಅವಳು ಅಂಗೈ ಎತ್ತಿ, "ನೀವು ಕೇಳ್ಲಿಲ್ಲ" ಎಂದಳು. ತಾವು ನಕ್ಕು, ಬಗ್ಗಿ, "ಕೈ ಕುಲುಕಬಹುದಾ ಮೇಡಂ?" ಎಂದು ಕೇಳಿದಿರಿ. ಅವಳು ಚೆನ್ನಾಗಿ ಯೋಚನೆ ಮಾಡಿ, "ಸರಿ" ಎಂದಳು. ಚಪ್ಪಾಳೆಯೋ ಚಪ್ಪಾಳೆ. ತಾವು ಮೈಕಿನಲ್ಲಿ, "ಈ ಹೆಣ್ಣುಮಗಳು ಇವತ್ತು ನಮಗೆಲ್ಲ ಪಾಠ ಹೇಳಿದಳು, ಈ ಆಸ್ಪತ್ರೆಯ ಪ್ರತಿಯೊಬ್ಬರೂ ಇದನ್ನು ಕಲಿಯಬೇಕು" ಎಂದಿರಿ. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ನಂಬಿದೆ ಸ್ವಾಮಿ. ಆ ಮಾತನ್ನು ಅಕ್ಷರಕ್ಕಕ್ಷರ ನಂಬಿದೆ. ಆ ಕೈಕುಲುಕಿನ ಫೋಟೋವನ್ನು ಕಟ್ಟು ಹಾಕಿಸಿ ನೋಂದಣಿ ಕೌಂಟರಿನ ಮೇಲಿನ ಗೋಡೆಗೆ ಹಾಕಿದಿರಿ. ಈಗಲೂ ಅಲ್ಲೇ ಇದೆ.

ಮೂರು ತಿಂಗಳ ಹಿಂದೆ ಅವಳ ಸೊಂಟದ ಕೀಲು ನೋವೆಂದು ದಾಖಲು ಮಾಡಿದೆ. ಬೆಳಗಿನ ರೌಂಡಿಗೆ ದೊಡ್ಡ ಡಾಕ್ಟರು ಬಂದರು, ಹಿಂದೆ ಆರು ವಿದ್ಯಾರ್ಥಿಗಳು. ನಿಮ್ಮ ವಾರ್ಡಿನ ಪರದೆ ಪೂರ್ತಿ ಮುಚ್ಚುವುದಿಲ್ಲ. ನನ್ನ ಕಸುಬಿನ ಕಣ್ಣು, ನೋಡಿದ ಕೂಡಲೇ ಗೊತ್ತಾಯಿತು: ಬಟ್ಟೆಯನ್ನು ನೀರಿಗೆ ಹಾಕದೆ ಕತ್ತರಿಸಿದ್ದಾರೆ, ಒಗೆದ ಮೇಲೆ ಒಂದು ಗೇಣು ಕುಗ್ಗಿದೆ. ಆ ಒಂದು ಗೇಣಿನಲ್ಲಿ ಎದುರಿನ ಮಂಚದವರ ಮುಖ ಕಾಣುತ್ತಿತ್ತು. ಡಾಕ್ಟರು ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ ಏನೋ ಹೇಳುತ್ತಲೇ ಅವಳ ಗೌನನ್ನು ಸೊಂಟದವರೆಗೆ ಎತ್ತಿದರು. ಅವಳ ಮುಖವನ್ನೂ ನೋಡಲಿಲ್ಲ.

ಅವಳು ಕೈ ಎತ್ತಿದಳು. "ನಿಲ್ಸಿ. ನೀವು ಕೇಳ್ಲಿಲ್ಲ."

ಒಬ್ಬ ವಿದ್ಯಾರ್ಥಿ ಕಿಸಕ್ಕೆಂದ. ಡಾಕ್ಟರು, "ಏನಮ್ಮಾ, ನನಗೇ ಹೇಳ್ತೀಯಾ?" ಎಂದರು. ಅವಳು ಪಾಠ ಒಪ್ಪಿಸುವವರ ಹಾಗೆ, "ಪರದೆ ಹಾಕಿ. ಏನ್ ಮಾಡ್ತೀರಿ ಹೇಳಿ. ಆಮೇಲೆ ಮುಟ್ಟಿ. ಅದು ನನ್ನ ಖಾಸಗಿ ಜಾಗ" ಎಂದಳು. ಆ ಜಾಗದ ಹೆಸರನ್ನೂ ಹೇಳಿದಳು, ಸಿಸ್ಟರ್ ಕಲಿಸಿದ ಹಾಗೆ ಸ್ಪಷ್ಟವಾಗಿ. ಡಾಕ್ಟರ ಮುಖ ಕೆಂಪಾಯಿತು. ಮತ್ತೆ ಕೈ ಹಾಕಿದರು. ಅವಳು ಆ ಕೈಯನ್ನು ತಳ್ಳಿದಳು, ಅವರ ಪೆನ್ನು ನೆಲಕ್ಕೆ ಬಿತ್ತು. ಇಷ್ಟೇ ಸ್ವಾಮಿ. ನಿಮ್ಮ ವರದಿಯಲ್ಲಿ "ಹಿಂಸಾತ್ಮಕ ವರ್ತನೆ" ಎಂದು ಬರೆದಿರುವುದು ಆ ಪೆನ್ನಿನ ಬಗ್ಗೆ.

"ಇಂಜೆಕ್ಷನ್ ತನ್ನಿ" ಎಂದರು. ನನ್ನ ಕಡೆ ತಿರುಗಿ, "ನೋಡ್ತಾ ನಿಂತಿದ್ದೀರಲ್ಲ, ಕೈ ಹಿಡ್ಕೊಳ್ಳಿ ಅವಳ್ದು" ಎಂದರು.

ಹಿಡಿದುಕೊಂಡೆ.

ಇದನ್ನು ನಿಮಗೆ ಕಳಿಸಿದ ಎರಡು ಪತ್ರದಲ್ಲೂ ನಾನು ಬರೆದಿರಲಿಲ್ಲ. ನಾಚಿಕೆಯಾಗಿತ್ತು. ಬಿಳಿ ಕೋಟು ಹೇಳಿತು, ನಾನು ಹಿಡಿದೆ. ಅವಳ ಬಲಗೈ, ಅವಳ ಮಾತು ಕೇಳುವ ಒಂದೇ ಕೈ, ಎರಡೂ ಕೈಯಿಂದ ಮಂಚಕ್ಕೆ ಒತ್ತಿ ಹಿಡಿದೆ. ಅವಳು ಅಳಲಿಲ್ಲ, ಕೂಗಲಿಲ್ಲ. ನನ್ನನ್ನೇ ನೋಡಿ, "ಅಮ್ಮಾ, ನೀನೂ ಕೇಳ್ಲಿಲ್ಲ" ಎಂದಳು. ಆಮೇಲೆ ಮಂಪರು ಹತ್ತಿತು. ನಿಮ್ಮವರು ತಮ್ಮ ಪಾಠ ಮುಗಿಸಿ ಮುಂದಿನ ಮಂಚಕ್ಕೆ ಹೋದರು.

ವಾರದ ನಂತರ ತಾವು ನನ್ನನ್ನು ಕರೆಸಿದಿರಿ. ವಾಕರ್ ಒಳಗೆ ಹಿಡಿಸುವುದಿಲ್ಲವೆಂದು ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಒಳಗೆ ಅವಳ ಬಗ್ಗೆ ಮಾತಾಡಿದೆವು. "ನೋಡಿ ತಾಯಿ, ಇಂಥ ಮಕ್ಕಳಿಗೆ ಇದೆಲ್ಲ ಹೇಳಿಕೊಟ್ಟು ಮನಸ್ಸು ಕೆಡಿಸಬಾರದು. ಗೊತ್ತಿಲ್ಲದೆ ಇದ್ರೆ ನೆಮ್ಮದಿಯಾಗಿರ್ತಾರೆ" ಎಂದಿರಿ. "ಸಾರ್, ಬೇಡ ಅನ್ನೋದನ್ನ ಕಲ್ಸಿದ್ದು ನೀವೇ ಅಲ್ವಾ?" ಎಂದು ನಾನು ಕೇಳಿದೆ. ತಾವು ಕೊಟ್ಟ ಉತ್ತರ ನನಗೆ ಈಗಲೂ ಕಿವಿಯಲ್ಲಿದೆ. "ಅದು ಹೊರಗಿನವರಿಗೆ ತಾಯಿ. ಡಾಕ್ಟರಿಗಲ್ಲ."

ಹೊರಗಿನವರು ಯಾರು ಸ್ವಾಮಿ? ನನ್ನ ಮಗಳು ಕಾಲೇಜಿಗೆ ಹೋದವಳಲ್ಲ, ಬಸ್ಸಿನಲ್ಲಿ ಒಬ್ಬಳೇ ಓಡಾಡಿದವಳಲ್ಲ. ಹುಟ್ಟಿದಂದಿನಿಂದ ಅವಳ ಮೈ ಮುಟ್ಟಿದ ನೂರು ಕೈಗಳಲ್ಲಿ ತೊಂಬತ್ತು ಆಸ್ಪತ್ರೆಯ ಕೈಗಳು. ಎಣ್ಣೆ ತಿಕ್ಕಿದವರು, ಕಾಲು ಎಳೆದವರು, ಎಕ್ಸ್-ರೇಗೆ ಮಲಗಿಸಿದವರು, ಸ್ಟ್ರೆಚರಿಗೆ ಎತ್ತಿ ಹಾಕಿದವರು. ಅವರಲ್ಲಿ ಬಹುಪಾಲು ಒಳ್ಳೆಯವರು, ನಾನು ಇಲ್ಲವೆನ್ನುವುದಿಲ್ಲ. ಒಳ್ಳೆಯವರಿಗೆ "ಮುಟ್ಟಲಾ?" ಎಂದು ಕೇಳಲು ಏನು ಕಷ್ಟ? ಒಂದು ವೇಳೆ ಒಬ್ಬ ಕೆಟ್ಟವನು ಅದೇ ಕೋಟು ಹಾಕಿಕೊಂಡು ಬಂದರೆ ಅವಳು ಗುರುತು ಹಿಡಿಯುವುದಾದರೂ ಹೇಗೆ? ಕೇಳದೆ ಮುಟ್ಟುವುದೇ ನಿಮ್ಮಲ್ಲಿ ಪದ್ಧತಿಯಾದರೆ ಅವನೂ ನಿಮ್ಮ ಪದ್ಧತಿಯಂತೆಯೇ ನಡೆದ ಹಾಗಾಯಿತಲ್ಲ? "ನಮ್ಮ ಆಸ್ಪತ್ರೆಯಲ್ಲಿ ಅಂಥದ್ದೆಲ್ಲ ನಡೆಯಲ್ಲ" ಎಂದಿರಿ. ನಡೆದರೆ ಹೇಳಬೇಕಾದವಳ ಬಾಯಿಗೇ ಬೀಗ ಹಾಕಿ ಹಾಗೆನ್ನುವುದು ಬಹಳ ಸುಲಭ. ಇನ್ನು "ಅತಿಯಾದ ಆಸಕ್ತಿ"ಯ ವಿಷಯ. ಇಪ್ಪತ್ತೊಂದರ ಹುಡುಗಿಗೆ ಯಾರೋ ಇಷ್ಟವಾಗುವುದು ನಿಮ್ಮಲ್ಲಿ ರೋಗವಾದರೆ, ತಮಗೂ ತಮ್ಮ ಡಾಕ್ಟರುಗಳಿಗೂ ಮದುವೆ ಮಕ್ಕಳು ಆದದ್ದು ಯಾವ ಔಷಧಿಯಿಂದ ಎಂದು ಕೇಳಬೇಕಾಗುತ್ತದೆ.

ಇಂಜೆಕ್ಷನ್ನಿನ ಮಂಪರು ಆವತ್ತೇ ಇಳಿಯಿತು. ಆದರೆ ಅಂದಿನಿಂದ ಅವಳು ಬಚ್ಚಲ ಬಾಗಿಲು ಮುಚ್ಚುವುದಿಲ್ಲ. ನಾನು ತಟ್ಟಿದರೆ ಆಶ್ಚರ್ಯದಿಂದ ನೋಡುತ್ತಾಳೆ. ಆಟೋದವನು ಎಲ್ಲಿ ಹಿಡಿದರೂ ಸುಮ್ಮನಿರುತ್ತಾಳೆ. ಕಳೆದ ವಾರ ಹೊಸ ಗಿರಾಕಿಯೊಬ್ಬರು "ಎಷ್ಟು ಮುದ್ದಾಗಿದೆ" ಎಂದು ಅವಳ ಕೆನ್ನೆ ಹಿಂಡಿದರೆ, ಎರಡೂ ಕೈ ಎತ್ತಲು ನೋಡಿದಳು, ಆ ಸೆಟೆದ ಎಡಗೈಯನ್ನೂ ಸೇರಿಸಿ, ಮೊದಲಿನ "ಒಳ್ಳೆ ಹುಡುಗಿ"ಯ ಹಾಗೆ. ನಾನು ಕತ್ತರಿ ಕೆಳಗಿಟ್ಟು ಅಂಗಡಿಯ ಹಿಂದೆ ಹೋಗಿ ಅತ್ತುಬಿಟ್ಟೆ. "ಟೇಪ್ ಹಿಡೀಲಾ?" ಎಂದು ಈಗ ದಿನಾ ಕೇಳುತ್ತೇನೆ. "ಸರಿ" ಎನ್ನುತ್ತಾಳೆ. ಊಟ ಬಡಿಸಲಾ? ಸರಿ. ಬಡಿಸದಿರಲಾ? ಸರಿ. ಒಂದು ದಿನ ತಡೆಯಲಾರದೆ "ನಿನ್ನ ಬಟನ್ ಎಲ್ಲ ಬೀದಿಗೆ ಸುರಿದುಬಿಡ್ಲಾ?" ಎಂದು ಕೇಳಿದೆ. ಅದಕ್ಕೂ "ಸರಿ ಅಮ್ಮಾ" ಎಂದಳು.

ಹೀಗಿರುವಾಗ ಅವಳ ಸೊಂಟದ ಶಸ್ತ್ರಚಿಕಿತ್ಸೆಗೆ ಮುಂದಿನ ತಿಂಗಳ ಹದಿನೆಂಟನೇ ತಾರೀಕು ಗೊತ್ತು ಮಾಡಿದ್ದೀರಿ. ಮಾಡಿಸದಿದ್ದರೆ ನಡಿಗೆ ಪೂರ್ತಿ ನಿಲ್ಲುತ್ತದಂತೆ. ಬೇರೆ ಆಸ್ಪತ್ರೆ ಹತ್ತಿರದಲ್ಲಿಲ್ಲ. ಹನ್ನೊಂದು ದಿನ ವಾರ್ಡಿನಲ್ಲಿರಬೇಕು, ತಾಯಿಗೆ ದಿನಕ್ಕೆ ಎರಡು ಗಂಟೆ ಮಾತ್ರ ಪ್ರವೇಶ. ಉಳಿದ ಇಪ್ಪತ್ತೆರಡು ಗಂಟೆ, ಎಲ್ಲದಕ್ಕೂ "ಸರಿ" ಎನ್ನುವ ಹುಡುಗಿಯನ್ನು, ಒಂದು ಗೇಣು ಕಮ್ಮಿ ಇರುವ ಪರದೆಯ ಹಿಂದೆ, ಗುರುತು ಪರಿಚಯವಿಲ್ಲದ ಕೈಗಳಿಗೆ ಒಪ್ಪಿಸಿ ಬರಬೇಕು. ಹೇಗೆ ಬರಲಿ ಹೇಳಿ?

ಹಾಗಾಗಿ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಗುರುವಾರದ ತರಗತಿಯ ಬೀಗ ಹದಿನೆಂಟಕ್ಕೆ ಮೊದಲು ತೆಗೆಯಬೇಕು, ಸಿಸ್ಟರ್ ಉಗ್ರಾಣದಿಂದ ಹೊರಗೆ ಬರಬೇಕು. ಆ ತರಗತಿಯ ಮೊದಲನೆಯ ಬೆಂಚಿನಲ್ಲಿ ದೊಡ್ಡ ಡಾಕ್ಟರೂ ಅವರ ಆರು ವಿದ್ಯಾರ್ಥಿಗಳೂ ಕೂರಬೇಕು. ನನ್ನ ಗೊಂಬೆಗಳು ಇನ್ನೂ ಗಟ್ಟಿಯಾಗಿವೆ, ಅಭ್ಯಾಸಕ್ಕೆ ಸಾಲುತ್ತವೆ. ಕಡತದಲ್ಲಿ ಬರೆದ ಆ ಸಾಲನ್ನು ಹೊಡೆದು ಹಾಕಿ, ನಡೆದದ್ದನ್ನು ನಡೆದ ಹಾಗೆ ಬರೆಯಬೇಕು. ಅಲ್ಲಿ ನನ್ನ ಎರಡು ಕೈಗಳ ವಿಷಯವೂ ಇರಲಿ. ಪರದೆಯ ಅಳತೆ ಕೊಟ್ಟರೆ ನಾನೇ ಹೊಲಿದುಕೊಡುತ್ತೇನೆ, ಈ ಸಲ ನೀರಿಗೆ ಹಾಕಿ ಕತ್ತರಿಸುತ್ತೇನೆ.

ಇನ್ನೂ ಒಂದಿದೆ. ಅದು ನನ್ನ ಬೇಡಿಕೆಯಲ್ಲ.

ಈ ಪತ್ರ ಬರೆದ ಮೇಲೆ ಅವಳಿಗೆ ಓದಿ ಹೇಳಿದೆ, ಅವಳದೇ ವಿಷಯ ತಾನೆ. "ಇದನ್ನ ಎಲ್ರಿಗೂ ಹೇಳ್ಲಾ?" ಎಂದು ಕೇಳಿದೆ. "ಸರಿ" ಎಂದಳು. ಆ "ಸರಿ"ಯನ್ನು ನಂಬುವುದು ಹೇಗೆ ಎಂದು ತಿಳಿಯಲಿಲ್ಲ. ಪತ್ರದ ಜೊತೆ ಅಚ್ಚು ಹಾಕಿಸಲು ತಮ್ಮ ಕೈಕುಲುಕಿನ ಫೋಟೋವಿನ ಒಂದು ಪ್ರತಿಯನ್ನು ತೆಗೆದಿಟ್ಟಿದ್ದೆ. ಅದನ್ನೂ ಅವಳ ಮುಂದೆ ಹಿಡಿದು, "ಇದನ್ನ ಹಾಕ್ಲಾ?" ಎಂದೆ. ಅವಳು ತುಂಬಾ ಹೊತ್ತು ನೋಡಿದಳು. ತಮ್ಮ ನಗುಮುಖದ ಮೇಲೆ ಬೆರಳಿಟ್ಟಳು. ಆಮೇಲೆ ಬಲಗೈ ಮೆಲ್ಲಗೆ ಮೇಲೆ ಬಂತು, ಅಂಗೈ ನನ್ನ ಕಡೆ ತಿರುಗಿತು.

"ಬೇಡ."

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ಗೋಡೆ ಮೇಲೂ ಬೇಡ. ಹಾಕೋವಾಗ ಅವರು ಕೇಳ್ಲಿಲ್ಲ" ಎಂದಳು. ನಿಜ ಸ್ವಾಮಿ. ತಾವೂ ಕೇಳಲಿಲ್ಲ, ಖುಷಿಯಲ್ಲಿ ನನಗೂ ಹೊಳೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಪತ್ರದ ವಿಷಯ ಮತ್ತೆ ಕೇಳಿದೆ. ಅವಳು ಯೋಚನೆ ಮಾಡಿ, "ಸರಿ" ಎಂದಳು. ಈ ಸಲ ನಂಬಿದೆ.

ಫೋಟೋ ಲಗತ್ತಿಸಿಲ್ಲ. ನೋಂದಣಿ ಕೌಂಟರಿನ ಗೋಡೆಯಿಂದ ಅದನ್ನು ಇಳಿಸಿ. ಹದಿನೆಂಟನೇ ತಾರೀಕು ಬೆಳಿಗ್ಗೆ ನಾವು ಆ ಬಾಗಿಲಿನಿಂದಲೇ ಒಳಗೆ ಬರುತ್ತೇವೆ. ಅವಳು ಮೊದಲು ನೋಡುವುದು ಆ ಗೋಡೆಯನ್ನೇ.

ಇಂತಿ,
ಹೇಳಿದ ಕೂಡಲೇ ಕೈ ಹಿಡಿದುಕೊಟ್ಟ, ಇನ್ನು ಹಿಡಿಯದ,
ಹಿಂದಿನ ಗೇಟಿನ ಟೈಲರಮ್ಮ